ಅಳಿಯನ ತಲೆ

ಒಗೆದು ಒಣಗಿದ ದೊಡ್ಡ ಬೆಡ್‌ಶೀಟಿನ ಎರಡು ಮೂಲೆ ಅತ್ತೆಯ ಕೈಯಲ್ಲಿದ್ದವು, ಇನ್ನೆರಡು ಅಳಿಯನ ಕೈಯಲ್ಲಿ. ತಾರಸಿಯ ಈ ತುದಿಯಲ್ಲಿ ಅವಳು, ಆ ತುದಿಯಲ್ಲಿ ಅವನು. ಒಮ್ಮೆ ಝಾಡಿಸಿ ಉದ್ದಕ್ಕೆ ಎರಡು ಮಾಡಿಯಾಗಿತ್ತು. ಇನ್ನು ಅವನು ನಡೆದು ಬಂದು ತನ್ನ ಕಡೆಯ ಮೂಲೆಗಳನ್ನು ಅವಳ ಕೈಗೆ ಒಪ್ಪಿಸಬೇಕು. ಅತ್ತೆ ಈ ಮನೆಗೆ ಬಂದು ಸೇರಿದ ಮೊದಲ ವಾರದಿಂದ ಇದು ಇವರಿಬ್ಬರ ಪಾಲಿನ ಕೆಲಸ. ಮಗಳ ಕೈಗೆ ಕೊಟ್ಟರೆ ಅವಳು ಉಂಡೆ ಕಟ್ಟಿ ಕಪಾಟಿಗೆ ತುರುಕಿ, ಬಾಗಿಲನ್ನು ಸೊಂಟದಿಂದ ಒತ್ತಿ ಮುಚ್ಚುವ ಪೈಕಿ.

ಅಳಿಯ ಬಂದ. ಕೈ ಚಾಚಿದ. ಅತ್ತೆಯ ಕೈ ಇದ್ದ ಕಡೆಗಲ್ಲ, ಅದರಿಂದ ಒಂದು ಗೇಣು ಪಕ್ಕಕ್ಕೆ. ಮೂಲೆ ಯಾರ ಕೈಗೂ ಸಿಗದೆ ನೆಲಕ್ಕೆ ಬಿತ್ತು.

“ಗಾಳಿ,” ಎಂದ ಅಳಿಯ, ಬಗ್ಗಿ ಎತ್ತಿಕೊಳ್ಳುತ್ತಾ. ಬಗ್ಗಿದವನು ಏಳುವಾಗ ನೀರಿನ ತೊಟ್ಟಿಯ ಅಂಚು ಹಿಡಿದುಕೊಂಡ.

ಗಾಳಿ ಎಲ್ಲಿತ್ತು? ತಂತಿಯ ಮೇಲಿದ್ದ ಕಾಲುಚೀಲಗಳು ಬೈಸಿಕೊಂಡ ಮಕ್ಕಳ ಹಾಗೆ ತಲೆ ತಗ್ಗಿಸಿ ನೇತಾಡುತ್ತಿದ್ದವು, ಒಂದೂ ಅಲುಗುತ್ತಿರಲಿಲ್ಲ. ಅತ್ತೆ ಮಡಿಕೆಯನ್ನು ಹೊಟ್ಟೆಗೆ ಒತ್ತಿಕೊಂಡು ಉಳಿದದ್ದನ್ನು ತಾನೇ ಮಡಿಸಿದಳು. ಅಳಿಯ ಅಷ್ಟರಲ್ಲಿ ಜೇಬಿನಿಂದ ಕಪ್ಪು ಕನ್ನಡಕ ತೆಗೆದು ಹಾಕಿಕೊಂಡಿದ್ದ. ಮೋಡ ಮುಸುಕಿದ ಬೆಳಗಿನ ಹೊತ್ತಿನಲ್ಲಿ ಕಪ್ಪು ಕನ್ನಡಕ.

ಅಳಿಯ ರೇಸಿನ ಕಾರು ಓಡಿಸುವವನು. ಊರ ಹೊರಗಿನ ಟ್ರ್ಯಾಕಿನಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು. ಈ ಸಲದ ರೇಸುಗಳೆಲ್ಲ ಮುಗಿಯುತ್ತ ಬಂದು ಕೊನೆಯದೊಂದು ಬಾಕಿ ಇತ್ತು. ಅದರಲ್ಲಿ ಮೊದಲ ಮೂವರಲ್ಲಿ ಒಬ್ಬನಾದರೆ ಮುಂದಿನ ವರ್ಷ ಮೇಲಿನ ದರ್ಜೆಯ ತಂಡವೊಂದು ಅವನನ್ನು ತೆಗೆದುಕೊಳ್ಳುವುದಾಗಿ ಮಾತು ಕೊಟ್ಟಿತ್ತು. ಆದರೆ ಅದಕ್ಕೆ ಹಿಂದಿನ ರೇಸಿನಲ್ಲಿ, ಎರಡನೆಯ ತಿರುವಿನಲ್ಲಿ, ಹಿಂದಿನ ಚಕ್ರ ಜಾರಿ ಕಾರು ಬುಗುರಿಯ ಹಾಗೆ ಸುತ್ತಿ ಟೈರುಗಳ ಗೋಡೆಗೆ ಬಡಿದಿತ್ತು. ಚೂರಾಗಲೆಂದೇ ಮಾಡಿದ ಭಾಗಗಳು ಚೂರಾದವು. ಚಾಲಕ ಕೂರುವ ತೊಟ್ಟಿಗೆ ಒಂದು ಗೀರೂ ಬೀಳಲಿಲ್ಲ. ತಲೆಯ ಮೇಲಿನ ಕಮಾನು, ಕುತ್ತಿಗೆಯ ಪಟ್ಟಿ, ಬೆಂಕಿ ತಾಗದ ಬಟ್ಟೆ, ಎಲ್ಲವೂ ತಮ್ಮ ತಮ್ಮ ಕೆಲಸ ಮಾಡಿದವು. ಅಳಿಯ ತಾನೇ ಇಳಿದು ನಿಂತು ಕೈ ಬೀಸಿದ. ಗ್ಯಾಲರಿಯ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರಲ್ಲಿ ಅತ್ತೆಯೂ ಒಬ್ಬಳು. ಆಮೇಲೆ ಟ್ರ್ಯಾಕಿನ ಡಾಕ್ಟರಮ್ಮ ಪರೀಕ್ಷೆ ಮಾಡಿದರು, ಪಾಸು ಅಂದರು, ಓಡಿಸಬಹುದು ಅಂದರು. ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು.

ಅತ್ತೆ ಅಂದುಕೊಳ್ಳಲಿಲ್ಲ. ಅವಳ ಜಾಯಮಾನವೇ ಅದು. ಬಟ್ಟೆ ಗಿರಣಿಯಲ್ಲಿ ಅವಳು ಮಾಡಿದ್ದು ತಪ್ಪು ಹುಡುಕುವ ಕೆಲಸ. ಒಳಗೆ ದೀಪ ಹಾಕಿದ ಗಾಜಿನ ಮೇಜಿನ ಮೇಲೆ ಬಟ್ಟೆ ಸರಿದು ಹೋಗುತ್ತಿತ್ತು. ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಗಂಟು ಬಿದ್ದಿದೆ, ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಗಿರಣಿ ಬಿಟ್ಟು ಬಂದರೂ ಆ ಕಣ್ಣು ಅವಳನ್ನು ಬಿಟ್ಟು ಹೋಗಲಿಲ್ಲ. ಹಾಲಿನವನ ಅಳತೆ, ಪಕ್ಕದ ಮನೆಯವರ ನಗು, ವೈದ್ಯರ ಸಮಾಧಾನದ ಮಾತು, ಯಾವುದನ್ನೂ ಅವಳು ಎರಡು ಸಲ ತಿರುಗಿಸಿ ನೋಡದೆ ಒಳಗೆ ಬಿಟ್ಟುಕೊಂಡವಳಲ್ಲ. ಮಗಳು ರೇಸಿನ ಹುಡುಗನನ್ನು ಮೆಚ್ಚಿದಾಗ, ಅವನಲ್ಲಿ ಏನು ಊನ ಇದೆಯೋ ಕಂಡುಹಿಡಿಯೋಣವೆಂದು ಯಾರಿಗೂ ಹೇಳದೆ ಟ್ರ್ಯಾಕಿಗೆ ಹೋಗಿ ಕೂತಿದ್ದಳು. ಸಂಜೆ ಮನೆಗೆ ಬಂದವಳು ಎರಡು ದಿನ ಆ ತಿರುವಿನದೇ ಮಾತಾಡಿದಳು. ಹುಡುಗನ ವಿಷಯ ಕೇಳಿದರೆ, ಅವನು ಬ್ರೇಕು ಒಳ್ಳೆಯ ಜಾಗದಲ್ಲಿ ಹಾಕುತ್ತಾನೆ ಅಂದಳಂತೆ. ಮದುವೆಗೆ ಒಪ್ಪಿಗೆ ಅಂತ ಮಗಳು ಅದರಿಂದಲೇ ತಿಳಿದುಕೊಳ್ಳಬೇಕಾಯಿತು.

ಅಂದಿನಿಂದ ಎರಡನೆಯ ತಿರುವಿನ ಗ್ಯಾಲರಿಯಲ್ಲಿ ಅವಳಿಗೆ ಕಾಯಂ ಜಾಗ. ದಿಂಬು ಹಾಕಿಕೊಂಡು ಕೂರುತ್ತಿದ್ದಳು. ಅಲ್ಲಿಯ ಜನಕ್ಕೆಲ್ಲ ಅವಳು ಅತ್ತೆಮ್ಮ. ಅವಳನ್ನು ನೋಡಲು ಬಂದ ನೆಂಟರಿಗೆ ಚಕ್ರ ಯಾಕೆ ಜಾರುತ್ತದೆ, ಹಳದಿ ಬಾವುಟ ಯಾವಾಗ ಬೀಸುತ್ತಾರೆ ಎಂದೆಲ್ಲ ಹೇಳಿ, ಚಹಾ ತಣ್ಣಗಾದ ಮೇಲೆ ಬಿಟ್ಟು ಕಳಿಸುತ್ತಿದ್ದಳು.

ಈಗ ಅದೇ ಅತ್ತೆ ಮನೆಯೊಳಗೆ ಅಳಿಯನ ಹಿಂದೆ ಬಿದ್ದಳು. ಮೊದಲು ಕುಡಿತ ಇರಬಹುದೇ ಎಂದು ಒಗೆಯಲು ಹಾಕಿದ ಅಂಗಿಗಳನ್ನು ಮೂಸಿ ನೋಡಿದಳು. ಬೆವರು, ಪೆಟ್ರೋಲು, ಸೋಪು, ಅಷ್ಟೇ. ಬಚ್ಚಲಿನಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಒಳಗೆ ಯಾರೋ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿದ ಹಾಗಾಯಿತು. ಅಳಿಯ ಹೊರಗೆ ಬಂದಾಗ ಕೇಳಿದರೆ, ಹಲ್ಲುಜ್ಜುವಾಗ ಬ್ರಷ್ಷು ಗಂಟಲಿಗೆ ತಾಗಿತು ಅಂದ. ಮೊದಲೆಲ್ಲ ಟಿವಿಯ ಮುಂದೆ ತಟ್ಟೆ ಹಿಡಿದು ಕೂರುತ್ತಿದ್ದವನು ಈಗ ಅಡುಗೆಮನೆಯಲ್ಲಿ, ದೀಪ ಹಾಕದೆ, ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ. ಅತ್ತೆ ತಮಾಷೆ ಮಾಡಿದರೆ ನಗುತ್ತಿದ್ದ, ಆದರೆ ಪಕ್ಕದ ಮನೆಯ ರೇಡಿಯೋ ಕೇಳಿ ನಕ್ಕ ಹಾಗೆ ಸ್ವಲ್ಪ ತಡವಾಗಿ.

ಮಧ್ಯಾಹ್ನ ಹಿಂದಿನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದ. ಒಳಗಿನಿಂದ ಟಕ್, ಟಕ್ ಎಂದು ಸಣ್ಣ ಸದ್ದು. ಫೋನಿನಲ್ಲಿ ಯಾರಿಗೋ ಏನೋ ಬರೆಯುತ್ತಿದ್ದಾನೆ ಎಂದು ಅವಳ ತಲೆಗೆ ಹೊಕ್ಕಿತು. ಗ್ಯಾಲರಿಯಲ್ಲಿ ಅವನ ಹೆಸರು ಬರೆದ ಟೋಪಿ ಹಾಕಿಕೊಂಡು ಕಿರುಚುವ ಹೆಣ್ಣುಮಕ್ಕಳು ಕಡಿಮೆಯೇನೂ ಇರಲಿಲ್ಲ. ಅತ್ತೆ ಒಬ್ಬೊಬ್ಬಳ ಮುಖವನ್ನೂ ನೆನಪಿಗೆ ತಂದುಕೊಂಡು, ಇವಳಲ್ಲ, ಇವಳಿರಬಹುದು ಎಂದು ಆರಿಸಿ ಇಟ್ಟುಕೊಂಡಳು.

ಮಗಳ ಕಿವಿಗೆ ಹಾಕಿದಳು. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಬಂದವರ ಕಣ್ಣಿನ ನಂಬರು ನೋಡಿ ಗಾಜು ಕೂರಿಸಿಕೊಡುವ ಕೆಲಸ.

“ಅಮ್ಮ, ನೀನು ಜರಡೀಲೂ ತೂತು ಹುಡುಕ್ತೀಯ,” ಎಂದಳು ಮಗಳು. “ಡಾಕ್ಟರೇ ಸರಿ ಇದೆ ಅಂದಿದ್ದಾರೆ. ನಿಂಗೆ ಇನ್ನೇನು ಬೇಕು?”

ಮಾತು ಸರಿಯಾಗಿಯೇ ಇತ್ತು. ಆದರೆ ಅದನ್ನು ಹೇಳುವಾಗ ಮಗಳು ಅಮ್ಮನ ಮುಖ ನೋಡಲಿಲ್ಲ, ಕೈಲಿದ್ದ ಲೋಟವನ್ನು ತೊಳೆದದ್ದನ್ನೇ ಮತ್ತೆ ತೊಳೆದಳು. ಜಗಳಗಂಟಿ ಮಗಳು ಇಷ್ಟು ಮೆತ್ತಗೆ ಬೈದದ್ದು ಅತ್ತೆಗೆ ಹಿಡಿಸಲಿಲ್ಲ. ಮರುದಿನ ಕಸದ ಬುಟ್ಟಿ ಖಾಲಿ ಮಾಡುವಾಗ ಅಡಿಯಲ್ಲಿ ಒಂದು ಕಾಗದದ ಚೀಲ ಸಿಕ್ಕಿತು. ಬಾಯಿಯನ್ನು ಬಿಗಿಯಾಗಿ ಸುರುಳಿ ಸುತ್ತಿತ್ತು. ಬಿಚ್ಚಿದರೆ ಒಳಗೆ ತಲೆನೋವಿನ ಮಾತ್ರೆಯ ಖಾಲಿ ಪಟ್ಟಿಗಳು, ಒಂದಲ್ಲ ಎರಡಲ್ಲ, ಮುಷ್ಟಿ ತುಂಬ. ಚೀಲದ ಮೇಲಿದ್ದ ಹೆಸರು ಮಗಳು ಕೆಲಸ ಮಾಡುವ ಕನ್ನಡಕದ ಅಂಗಡಿಯದು.

ಅತ್ತೆ ಬುಟ್ಟಿಯ ಪಕ್ಕದಲ್ಲೇ ಕುಕ್ಕರಿಸಿ ಕೂತಳು. ಇಲ್ಲಿಯವರೆಗೆ ಅಳಿಯನೊಬ್ಬನ ಮೇಲಿದ್ದ ಅನುಮಾನ ಈಗ ಇಬ್ಬರ ಮೇಲೂ ಹಬ್ಬಿತು. ಹೆಂಗಸೂ ಅಲ್ಲ, ಕುಡಿತವೂ ಅಲ್ಲ; ಇದು ತಲೆಯದೇ ವಿಷಯ. ಮತ್ತು ಅದು ತನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೂ ಗೊತ್ತಿದೆ.

ಕಾರು ಗೋಡೆಗೆ ಬಡಿದ ದಿನ ಆ ತಿರುವಿನಲ್ಲಿ ಬಾವುಟ ಹಿಡಿದು ನಿಂತಿದ್ದವನು ಪೇಟೆಯ ಬೀಗ ರಿಪೇರಿಯವನು. ವಾರವೆಲ್ಲ ಡಬ್ಬಿಯಷ್ಟು ಅಗಲದ ಅಂಗಡಿಯಲ್ಲಿ ಬೀಗದ ಕೈ ಅರೆಯುತ್ತಿದ್ದ. ರೇಸಿನ ದಿನ ಸಂಬಳವಿಲ್ಲದೆ, ಬಿಸಿಲಲ್ಲಿ, ಖುಷಿಯಿಂದ ಬಾವುಟ ಬೀಸುತ್ತಿದ್ದ. ಕಾರಿನ ಹತ್ತಿರ ಮೊದಲು ಓಡಿಹೋದವನು ಅವನೇ. ಅಳಿಯ ಇಳಿದು ನಿಲ್ಲುವವರೆಗೆ ಗ್ಯಾಲರಿಯಲ್ಲಿ ಕೂತವರಿಗೆ ಹೊಗೆ, ಧೂಳು ಬಿಟ್ಟರೆ ಏನೂ ಕಂಡಿರಲಿಲ್ಲ. ಅತ್ತೆ ಮನೆಯ ಮುಂಬಾಗಿಲಿನ ಬೀಗದ ಕೈ ತೆಗೆದುಕೊಂಡು ಅವನ ಅಂಗಡಿಗೆ ಹೋಗಿ, ಇಂಥದ್ದೇ ಇನ್ನೊಂದು ಮಾಡಿಕೊಡು ಅಂದಳು.

ಅವನು ಅದನ್ನು ತಿರುಗಿಸಿ ನೋಡಿ ಗಲ್ಲಾದ ಮೇಲಿಟ್ಟ. “ಇದನ್ನ ಹೋದ ವರ್ಷ ನಾನೇ ಮೂರು ಮಾಡಿಕೊಟ್ಟಿದ್ದೀನಿ, ಅತ್ತೆಮ್ಮ. ನಿಮಗೆ ಬೇಕಾಗಿರೋದು ಬೀಗದ ಕೈ ಅಲ್ಲ.”

“ಅಲ್ಲ,” ಎಂದು ಒಪ್ಪಿಕೊಂಡಳು ಅತ್ತೆ. “ಅವತ್ತು ನೀನು ಹೋದಾಗ ಅವರು ಹೇಗಿದ್ರು?”

ಚೆನ್ನಾಗಿದ್ದರು, ತಾವೇ ಇಳಿದರಲ್ಲ, ನೀವೂ ನೋಡಿದಿರಲ್ಲ ಎಂದು ಅವನು ಗಡಿಬಿಡಿಯಲ್ಲಿ ಹೇಳಿ ಬೀಗದ ಕೈ ಅರೆಯುವ ಯಂತ್ರಕ್ಕೆ ಕೈ ಹಾಕಿದ. ಅತ್ತೆ ಸ್ಟೂಲು ಎಳೆದುಕೊಂಡು ಕೂತಳು. ಗಿರಾಕಿಯೊಬ್ಬ ಬಂದು ಹೋದ. ಇನ್ನೊಬ್ಬ ಬಂದು ಹೋದ. ಅವಳು ಏಳಲಿಲ್ಲ. ಸಿಡುಕಿಲ್ಲದೆ, ಅವಸರವಿಲ್ಲದೆ, ಬಸ್ಸಿಗೆ ಕಾಯುವವಳ ಹಾಗೆ ಕೂತೇ ಇದ್ದಳು. ಕೊನೆಗೆ ಅವನೇ ಯಂತ್ರ ನಿಲ್ಲಿಸಿದ.

“ನಾನು ಬಾವುಟ ಬೀಸಿ, ಪಕ್ಕದವನ ಕೈಗೆ ಕೊಟ್ಟು, ಕಟಕಟೆ ಹಾರಿ ಓಡಿಹೋಗೋವರೆಗೂ ಅಲ್ಲಾಡಲಿಲ್ಲ. ತಲೆ ಎದೆ ಮೇಲೆ ಬಿದ್ದಿತ್ತು. ಭುಜ ತಟ್ಟಿದೆ. ಕಣ್ಣು ಬಿಟ್ಟು, ರೇಸು ಶುರುವಾಯ್ತಾ ಅಂದ್ರು. ಆಗಿದೆ ಅಂದೆ. ಬೆಲ್ಟು ಬಿಚ್ಚುವಾಗ ಮತ್ತೆ ಕೇಳಿದ್ರು, ಶುರುವಾಯ್ತಾ ಅಂತ. ಇಳಿದು ನಿಂತಾಗ ಇನ್ನೊಂದು ಸಲ.”

“ಡಾಕ್ಟರಿಗೆ ಹೇಳಿದೆಯಾ?”

“ಅವರು ಡಾಕ್ಟರ ಹತ್ತಿರ ಎಚ್ಚರ ತಪ್ಪಲಿಲ್ಲ ಅಂದಿದ್ರು. ನಾನು ತಪ್ಪಿತ್ತು ಅಂದ್ರೆ ಅವರ ಮಾತು ಸುಳ್ಳಾಗ್ತಿತ್ತು.” ಅವನು ಬೀಗದ ಕೈಯ ಹಲ್ಲುಗಳ ಮೇಲೆ ಬೆರಳು ಆಡಿಸುತ್ತಿದ್ದ. “ನಮ್ಮ ಹುಡುಗ, ಅತ್ತೆಮ್ಮ. ಮೇಲಿನ ದರ್ಜೆಗೆ ಹೋಗ್ತಾನೆ ಅಂತ ಇಡೀ ಗ್ಯಾಲರಿ ಕಾಯ್ತಿದೆ. ನನ್ನ ಬಾಯಿಂದ ಹೇಗೆ ಬರುತ್ತೆ ಹೇಳಿ.”

ಅವನಿಗೆ ಬೈಯಬೇಕೆಂದು ಅವಳ ನಾಲಿಗೆಯ ತುದಿಗೆ ಬಂದಿತ್ತು. ಬೈಯಲಿಲ್ಲ. ಆ ದಿನ ಅಳಿಯ ಕೈ ಬೀಸಿದಾಗ ತಾನೂ ಎದ್ದು ನಿಂತು ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿದ್ದಳು.

ಮುಂದಿನದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಒಂದು ರಜೆಯ ಮಧ್ಯಾಹ್ನ, ಸಂಜೆವರೆಗೆ ಬರುವುದಿಲ್ಲ ಎಂದು ಹೇಳಿ ಹೊರಟ ಅತ್ತೆ ಬೀದಿಯ ಕೊನೆಯವರೆಗೆ ಹೋಗಿ ತಿರುಗಿ ಬಂದಳು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದಳು. ಹಿಂದಿನ ಕೋಣೆಯಿಂದ ಟಕ್, ಟಕ್. ಅವಳು ಬಾಗಿಲು ನೂಕಿದಳು. ಚಿಲಕ ಹಾಕಿರಲಿಲ್ಲ.

ಅಳಿಯ ಮೇಜಿನ ಮುಂದೆ ಕೂತಿದ್ದ. ಎದುರಿಗೆ ಮಗಳು. ಮಧ್ಯದಲ್ಲಿ ನಿಲ್ಲಿಸಿದ ಫೋನು. ಪರದೆಯ ಮೇಲೆ ಹಸಿರು ಚುಕ್ಕೆ ಬರುತ್ತಿತ್ತು, ಬಂದ ಕೂಡಲೇ ಅಳಿಯ ಅದನ್ನು ಒತ್ತಬೇಕು. ಮಗಳು ತಲೆ ಎತ್ತದೆ, “ಇನ್ನೂ ಬೇಗ, ಇನ್ನೂ ಬೇಗ” ಎನ್ನುತ್ತಿದ್ದಳು. ಶಾಲೆಯಲ್ಲಿ ಮಗ್ಗಿ ಒಪ್ಪಿಸದ ಮಗುವಿಗೆ ಹೇಳುವ ದನಿ. ಆ ದನಿಯಲ್ಲಿ ಅಳು ಬೆರೆತಿತ್ತು.

ಅತ್ತೆಯನ್ನು ಕಂಡು ಅಳಿಯನ ಬೆರಳು ನಿಂತಿತು. ಹಸಿರು ಚುಕ್ಕೆ ಮಾತ್ರ ಬಂದು ಬಂದು ಹೋಗುತ್ತಿತ್ತು.

ಆಮೇಲೆ ಮಗಳೇ ಎಲ್ಲವನ್ನೂ ಹೇಳಿದಳು. ವರ್ಷದ ಮೊದಲ ರೇಸಿಗೆ ಮುಂಚೆ ಪ್ರತಿ ಚಾಲಕನನ್ನೂ ಡಾಕ್ಟರಮ್ಮ ಒಂದು ಯಂತ್ರದ ಮುಂದೆ ಕೂರಿಸುತ್ತಾರೆ. ದೀಪ ಹತ್ತಿದಾಗ ಗುಂಡಿ ಒತ್ತಬೇಕು. ಯಾರು ಎಷ್ಟು ಬೇಗ ಒತ್ತುತ್ತಾರೆ ಎಂದು ಬರೆದಿಟ್ಟುಕೊಳ್ಳುತ್ತಾರೆ. ತಲೆಗೆ ಪೆಟ್ಟು ಬಿದ್ದ ಮೇಲೆ ಮತ್ತೆ ಕೂರಿಸುತ್ತಾರೆ. ಮೊದಲಿನಷ್ಟೇ ಬೇಗ ಒತ್ತಿದರೆ ಪಾಸು, ಇಲ್ಲದಿದ್ದರೆ ಮನೆಯಲ್ಲಿರು. ಹಳೆಯ ಚಾಲಕರು ಹೊಸಬರಿಗೆ ಹೇಳಿಕೊಡುವ ಮೊದಲ ಉಪಾಯವೇ ಇದು: ಮೊದಲ ಸಲ ಬೇಕೆಂದೇ ತಡವಾಗಿ ಒತ್ತು. ಆಗ ನಾಳೆ ತಲೆ ಮಂದವಾದರೂ ಲೆಕ್ಕ ಹೊಂದುತ್ತದೆ. ಅಳಿಯನೂ ಹಾಗೇ ಮಾಡಿದ್ದ. ಎಲ್ಲರೂ ಮಾಡುತ್ತಾರೆ. ಊಟದ ಮೇಜಿನ ಮುಂದೆ ಅದನ್ನು ನಗೆಯ ಮಾತಾಗಿ ಹೇಳಿದ್ದ ಕೂಡ, ಆಗ ಅತ್ತೆಯೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದಳು. ಹೀಗಾಗಿ ಪೆಟ್ಟಿನ ನಂತರ ಮಂದವಾದ ತಲೆಯಲ್ಲೇ ಪರೀಕ್ಷೆ ಪಾಸಾಗಿತ್ತು. ಇನ್ನು ಪರೀಕ್ಷೆ ಇಲ್ಲ. ಗಂಡಹೆಂಡಿರು ತಮ್ಮ ಸಮಾಧಾನಕ್ಕೆ ದಿನಾ ನೋಡಿಕೊಳ್ಳುತ್ತಿದ್ದರು, ಕೈ ಚುರುಕಾಯಿತೇ ಎಂದು. ಆಗುತ್ತಿರಲಿಲ್ಲ. ತಾನೇ ತಗ್ಗಿಸಿಟ್ಟ ಹೊಸ್ತಿಲನ್ನೂ ಈಗ ಕೆಲವು ದಿನ ಅವನು ಎಡವುತ್ತಿದ್ದ.

“ಇನ್ನೊಂದೇ ರೇಸು, ಅತ್ತೆ,” ಎಂದ ಅಳಿಯ. “ಆಮೇಲೆ ಚಳಿಗಾಲವೆಲ್ಲ ಮಲಗಿರ್ತೀನಿ. ನೀವೇ ಚಮಚದಲ್ಲಿ ಗಂಜಿ ಕುಡಿಸಿ.”

ಅವಳು ನಗಲಿಲ್ಲ. ಪೆಟ್ಟು ಬಿದ್ದ ದಿನ ಟ್ರ್ಯಾಕಿನ ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರಮ್ಮ ಹೇಳಿದ್ದ ಮಾತು ಅವಳ ತಲೆಯಲ್ಲಿ ತಿರುಗುತ್ತಿತ್ತು. ಹೆಲ್ಮೆಟ್ಟು ಬುರುಡೆಯನ್ನು ಕಾಯುತ್ತದೆ, ಒಳಗಿನದನ್ನು ಕಾಯಲು ಯಾರೂ ಏನೂ ಕಂಡುಹಿಡಿದಿಲ್ಲ. ಡಬ್ಬಿಯೊಳಗಿನ ಮಾಗಿದ ಹಣ್ಣಿದ್ದ ಹಾಗೆ, ಡಬ್ಬಿ ಗಟ್ಟಿಯಿದ್ದರೇನು, ಅಲ್ಲಾಡಿಸಿದರೆ ಹಣ್ಣು ಜಜ್ಜಿಹೋಗುತ್ತದೆ. ಮೊದಲ ಪೆಟ್ಟು ಮಾಯುವ ಮುಂಚೆ ಎರಡನೆಯದು ಬೀಳಬಾರದು. ಮನೆಯಲ್ಲಿ ಏನಾದರೂ ಹೆಚ್ಚುಕಡಿಮೆ ಕಂಡರೆ ನಾಲ್ಕು ಸಾಲು ಬರೆದು ಕಳಿಸಿ, ಮತ್ತೆ ನೋಡೋಣ. ಆದರೆ ಸಹಿ ಇರಬೇಕು. ಸಹಿ ಇಲ್ಲದ ಕಾಗದಗಳು ಅವರ ಬಳಿಗೆ ರಾಶಿ ರಾಶಿ ಬರುತ್ತವಂತೆ. ಎದುರು ಪಕ್ಷದ ಅಭಿಮಾನಿಗಳು, ತಮ್ಮವನು ಗೆಲ್ಲಲೆಂದು, ಇವನಿಗೆ ತಲೆ ಸುತ್ತುತ್ತದೆ, ಅವನಿಗೆ ಕಣ್ಣು ಮಂಜು ಎಂದು ಬರೆಯುತ್ತಾರಂತೆ. ಅವನ್ನೆಲ್ಲ ಓದದೆ ಹರಿದು ಹಾಕುತ್ತಾರಂತೆ.

ಅಂದರೆ ಬರೆಯುವುದಾದರೆ ತನ್ನ ಹೆಸರಲ್ಲಿ ಬರೆಯಬೇಕು. ಬರೀ ತಲೆನೋವು ಎಂದು ಬರೆದರೆ ಪ್ರಯೋಜನವಿಲ್ಲ. ಮತ್ತೆ ಗುಂಡಿ ಒತ್ತಿಸುತ್ತಾರೆ, ಒಳ್ಳೆಯ ದಿನವಾದರೆ ಮತ್ತೆ ಪಾಸು. ಮೊದಲ ಲೆಕ್ಕವೇ ಸುಳ್ಳು ಎಂದು ಬರೆಯಬೇಕು. ಹಾಗೆ ಬರೆದರೆ ಒಂದು ರೇಸಲ್ಲ, ಅವನನ್ನು ಟ್ರ್ಯಾಕಿನಿಂದಲೇ ಎಷ್ಟು ವರ್ಷ ಹೊರಗಿಡುತ್ತಾರೋ. ಮಗಳಿಗೆ ಅದು ಅರ್ಥವಾಯಿತು, ಅಮ್ಮನ ಮುಖ ನೋಡಿಯೇ ಅರ್ಥವಾಯಿತು.

“ನೀನು ಹಾಗೇನಾದ್ರೂ ಮಾಡಿದ್ರೆ, ಅಮ್ಮ,” ಎಂದಳು. ಮಾತು ಮುಗಿಸಲಿಲ್ಲ. ಅತ್ತೆ ಇರುವುದು ಯಾರ ಮನೆಯಲ್ಲಿ ಎಂದು ಮೂವರಿಗೂ ಗೊತ್ತಿತ್ತು.

ಅಂದು ಸಂಜೆಯೇ ಅತ್ತೆ ಕಾಗದ ಬರೆಯಲು ಕೂತಳು. ಮಾನ್ಯ ಡಾಕ್ಟರಮ್ಮನವರಿಗೆ ಎಂದು ಬರೆದು, ಪೆನ್ನಿನ ಮುಚ್ಚಳ ಹಾಕಿ ಎದ್ದಳು. ಮರುದಿನ ಎರಡು ಸಾಲು. ಆಮೇಲೆ ಕಣ್ಣು ನೋವೆಂದು ಬಿಟ್ಟಳು. ಬೆಳಗ್ಗೆ ಅಳಿಯ ಸರಿಯಾಗಿ ಮೆಟ್ಟಿಲಿಳಿದು ಬಂದರೆ, ನೋಡೋಣ, ಸುಧಾರಿಸುತ್ತಿದ್ದಾನೆ ಅನ್ನುವಳು. ಮಧ್ಯಾಹ್ನ ಅವನು ಉಪ್ಪಿನ ಡಬ್ಬಿಯನ್ನು ಫ್ರಿಜ್ಜಿನಲ್ಲಿ ಇಟ್ಟು ಬಾಗಿಲು ಹಾಕಿದರೆ ಮತ್ತೆ ಪೆನ್ನು ಹುಡುಕುವಳು. ಕಾಗದ ಪೂರ್ತಿಯಾದ ಮೇಲೂ ಲಕೋಟೆಗೆ ಹೋಗಲಿಲ್ಲ, ಲಕೋಟೆಗೆ ಹೋದ ಮೇಲೂ ಅಂಟು ಬೀಳಲಿಲ್ಲ. ಅಂಚೆಪೆಟ್ಟಿಗೆ ಬೀದಿಯ ಮೂಲೆಯಲ್ಲೇ ಇತ್ತು. ಅವಳು ತರಕಾರಿಗೆ ಇನ್ನೊಂದು ಬೀದಿಯಿಂದ ಸುತ್ತಿಕೊಂಡು ಹೋಗತೊಡಗಿದಳು. ಮನೆಯಲ್ಲಿ ಈಗ ಎಲ್ಲರೂ ಒಬ್ಬರ ಬೆನ್ನನ್ನು ಇನ್ನೊಬ್ಬರು ನೋಡುತ್ತಿದ್ದರು. ಅವಳು ಬಚ್ಚಲಿಗೆ ಹೋದರೆ ಮಗಳು ಅವಳ ಕೋಣೆಗೆ ಹೋಗಿ ಬರುತ್ತಿದ್ದಳು. ದಿಂಬು ಸರಿಯಿದೆಯಾ ನೋಡಿದೆ ಅನ್ನುವಳು. ಅದಕ್ಕೇ ಅತ್ತೆ ಲಕೋಟೆಯನ್ನು ರವಿಕೆಯೊಳಗೇ ಇಟ್ಟುಕೊಂಡು ತಿರುಗುತ್ತಿದ್ದಳು. ತನ್ನ ಹೆಣ್ಣುಮಗುವಿಗೆ ಹೆದರಿ ತಾನು ಕಾಗದ ಬಚ್ಚಿಡುವ ಕಾಲ ಬಂತಲ್ಲ ಎಂದು ಅವಳಿಗೆ ಒಮ್ಮೆ ನಗುವೂ ಬಂತು.

ಕೊನೆಯ ರೇಸಿಗೆ ಮುಂಚೆ ಒಂದು ವಾರ ಇರುವಾಗ ಅಭ್ಯಾಸದ ದಿನ ಬಂತು. ಅತ್ತೆ ದಿಂಬು ತೆಗೆದುಕೊಂಡು ಹೋಗಿ ಕೂತಳು. ಪಕ್ಕದಲ್ಲಿ ಬೇಕರಿಯವನು. ಅವನ ಮಗಳು ಈ ವರ್ಷವೇ ಹೊಸದಾಗಿ ಓಡಿಸಲು ಬಂದವಳು. ಅಪ್ಪ ಅಂಗಡಿಯನ್ನು ತಮ್ಮನಿಗೆ ಬಿಟ್ಟು, ಹುಬ್ಬಿಗೆ ಮೆತ್ತಿದ ಮೈದಾಹಿಟ್ಟನ್ನೂ ಒರೆಸಿಕೊಳ್ಳದೆ ಬರುತ್ತಿದ್ದ. ಅವನು ಎಲ್ಲರಿಗೂ ಬನ್ನು ಹಂಚಿದ. ನನ್ನ ಮಗಳಿಗೆ ಗಾಡಿ ಓಡಿಸೋಕೆ ಬರುತ್ತೆ, ಸೌಟು ಹಿಡಿಯೋಕೆ ಬರಲ್ಲ ಎಂದು ಹೆಮ್ಮೆಯಿಂದ ದೂರಿದ.

ಕಾರುಗಳು ಸುತ್ತು ಹೊಡೆಯತೊಡಗಿದವು. ಮೊದಮೊದಲು ಎಲ್ಲ ಸರಿಯಾಗಿಯೇ ಇತ್ತು. ಅತ್ತೆಯ ಕೈಯಲ್ಲಿದ್ದ ಬನ್ನು ಬಾಯಿಗೆ ಹೋಗುವಷ್ಟು ಸರಿಯಾಗಿತ್ತು. ಆಮೇಲೆ ಅಳಿಯನ ಕಾರು ನೇರ ದಾರಿಯಲ್ಲಿ ಬಂತು. ಅವನ ಎಡಕ್ಕೆ, ಅರ್ಧ ಕಾರಿನಷ್ಟು ಹಿಂದೆ, ಬೇಕರಿಯವನ ಮಗಳು. ಇಬ್ಬರೂ ತಿರುವಿಗೆ ಹತ್ತಿರವಾದರು. ಬ್ರೇಕು ಹಾಕುವ ಜಾಗದಲ್ಲಿ ಅಳಿಯ ಹಾಕಲಿಲ್ಲ. ತುಂಬ ಮುಂದೆ ಹೋಗಿ ಹಾಕಿ, ಪಕ್ಕದಲ್ಲಿ ಯಾರೂ ಇಲ್ಲವೆಂಬಂತೆ ನೇರವಾಗಿ ಎಡಕ್ಕೆ ತಿರುಗಿಸಿದ. ಹುಡುಗಿಗೆ ಜಾಗವೇ ಉಳಿಯಲಿಲ್ಲ. ಅವಳ ಕಾರು ಹುಲ್ಲಿನ ಮೇಲೆ ಹಾರಿ, ಅಡ್ಡಡ್ಡ ಜಾರಿ, ಟೈರುಗಳ ಗೋಡೆಗೆ ಒಂದು ಮಾರು ದೂರದಲ್ಲಿ ನಿಂತಿತು.

ಗ್ಯಾಲರಿ ಎದ್ದು ನಿಂತಿತು. ಚಪ್ಪಾಳೆ, ಶಿಳ್ಳೆ. ಪೆಟ್ಟು ಬಿದ್ದ ಜಾಗದಲ್ಲೇ ಎಂಥ ಗುಂಡಿಗೆ ತೋರಿಸಿದ ನೋಡು ಎಂದು ಹಿಂದಿನ ಸಾಲಿನವರು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಕಟಕಟೆಯ ಆಚೆ ಬಾವುಟ ಹಿಡಿದಿದ್ದ ಬೀಗದವನು ಮಾತ್ರ ಗ್ಯಾಲರಿಯ ಕಡೆ, ನೇರವಾಗಿ ಅತ್ತೆಯ ಕಡೆ ತಿರುಗಿ ನೋಡಿದ.

ಬೇಕರಿಯವನು ಕೂತುಕೊಂಡ. ಬನ್ನಿನ ಚೀಲವನ್ನು ಎದೆಗೆ ಅವುಚಿಕೊಂಡಿದ್ದ. “ನಿಮ್ಮಳಿಯ ಇವತ್ತು ನನ್ನ ಜೀವ ಬಾಯಿಗೆ ತಂದುಬಿಟ್ರು, ಅತ್ತೆಮ್ಮ,” ಎಂದು ನಕ್ಕ. “ಇರಲಿ, ದೊಡ್ಡ ಚಾಲಕರು. ಲೆಕ್ಕ ಹಾಕಿಯೇ ನುಗ್ಗಿರ್ತಾರೆ. ನನ್ನ ಮಗಳೂ ಕಲೀತಾಳೆ.”

ಈ ಮನುಷ್ಯನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅತ್ತೆಗೆ ಅದನ್ನು ನೋಡಲಾಗಲಿಲ್ಲ. ಇಷ್ಟು ದಿನ ಅವಳು ತೂಗುತ್ತಿದ್ದದ್ದು ಒಂದೇ ತಲೆಯನ್ನು, ಅಳಿಯನ ತಲೆಯನ್ನು. ಅವನ ತಲೆ, ಅವನ ಹಟ, ಅವನ ಹೆಂಡತಿ ಎಂದು ತಕ್ಕಡಿ ಅತ್ತಿತ್ತ ಆಡುತ್ತಿತ್ತು. ಹುಲ್ಲಿನ ಮೇಲೆ ನಿಂತ ಕಾರಿನಲ್ಲಿ ಇನ್ನೊಂದು ತಲೆಯಿತ್ತು. ಅದರ ಅಪ್ಪ ಅವಳಿಗೆ ಇನ್ನೊಂದು ಬನ್ನು ಕೊಡುತ್ತಿದ್ದ.

ಮರುದಿನ ಬೆಳಗ್ಗೆ ಅತ್ತೆ ಅಡುಗೆಮನೆಗೆ ಹೋದಾಗ ಅಳಿಯ ಪರದೆ ಎಳೆದ ಕಿಟಕಿಯ ಪಕ್ಕದಲ್ಲಿ ಕೂತಿದ್ದ. ಮಗಳು ಒಲೆಯ ಮುಂದೆ. ಅತ್ತೆ ಲಕೋಟೆಯನ್ನು ಹೊರಗೆ ತೆಗೆದು, ಅವರಿಬ್ಬರೂ ನೋಡುವ ಹಾಗೆ ಕೈಯಲ್ಲಿ ಹಿಡಿದುಕೊಂಡಳು. ಕದ್ದು ಹಾಕಿ ಬರುವುದು ಅವಳಿಗೆ ಬೇಡವಾಗಿತ್ತು.

“ಡಾಕ್ಟರಮ್ಮನಿಗೆ ಬರೆದಿದ್ದೀನಿ, ಅಳಿಯಂದಿರೇ. ಈಗ ಹಾಕೋಕೆ ಹೊರಟಿದ್ದೀನಿ.”

“ಗುಂಡಿ ವಿಷಯಾನೂ?” ಎಂದ ಅಳಿಯ.

“ಅದೇ ಮೊದಲನೇ ಸಾಲು.”

“ನೀವು ನನ್ನ ಫ್ಯಾನು ಅಂದ್ಕೊಂಡಿದ್ದೆ, ಅತ್ತೆ.”

“ಫ್ಯಾನು ಆಗಿದ್ದಕ್ಕೇ ಇಷ್ಟು ತಡ ಆಯ್ತು. ಬರೀ ಅತ್ತೆ ಆಗಿದ್ರೆ ಯಾವತ್ತೋ ಹಾಕಿರ್ತಿದ್ದೆ.”

ಮಗಳು ತಿರುಗಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿ ಸುರಿದರೂ ಆರಿಸಲಿಲ್ಲ. ಅತ್ತೆಯೇ ಹೋಗಿ ಒಲೆ ಆರಿಸಿದಳು. ಹೊರಡುವುದಕ್ಕೆ ಚಪ್ಪಲಿ ಮೆಟ್ಟುತ್ತಿದ್ದಾಗ ಅಳಿಯ ಕುಳಿತಲ್ಲಿಂದಲೇ ಕೇಳಿದ, ತಗ್ಗಿದ ದನಿಯಲ್ಲಿ:

“ನಿನ್ನೆ ಆ ಹುಡುಗಿ ಯಾವ ಕಡೆ ಇದ್ಲು?”

“ನಿಮ್ಮ ಎಡಗಡೆ.”

ಅವನು ಕಪ್ಪು ಕನ್ನಡಕ ತೆಗೆದು ಎರಡು ಕೈಯಿಂದಲೂ ಕಣ್ಣು ಮುಚ್ಚಿಕೊಂಡ. ಅತ್ತೆ ಹೊರಗೆ ಹೋದಾಗ ದಿನಾ ಹಿಂದೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದ ಮಗಳು ಅಂದು ಬರಲಿಲ್ಲ. ಅತ್ತೆ ತಾನೇ ಬಾಗಿಲು ಎಳೆದುಕೊಂಡು ಹೊರಟಳು.

ಬೀದಿಯ ಮೂಲೆಯ ಪೆಟ್ಟಿಗೆಯ ಹತ್ತಿರ ನಿಂತು ಅದರ ಬಾಯಿ ನೋಡಿದಳು. ಇದನ್ನು ಯಾವಾಗ ತೆಗೆಯುತ್ತಾರೋ, ತೆಗೆಯುತ್ತಾರೋ ಇಲ್ಲವೋ, ನಂಬಿಕೆ ಬರಲಿಲ್ಲ. ಅಂಚೆಕಚೇರಿಗೇ ನಡೆದಳು. ಕಿಟಕಿಯ ಹಿಂದಿನ ಗುಮಾಸ್ತ ವಿಳಾಸ ಓದಿ ಹುಬ್ಬೇರಿಸಿದ.

“ಟ್ರ್ಯಾಕಿನ ಡಾಕ್ಟರಿಗಾ? ಅಲ್ಲಿಗೆ ಇಲ್ಲಿಂದ ವಾರಕ್ಕೆ ಹತ್ತು ಹೋಗುತ್ತೆ ಅಜ್ಜಿ, ಒಂದಕ್ಕೂ ಹಿಂದೆ ಹೆಸರಿರಲ್ಲ. ನೀವು ಯಾರ ಕಡೆ?”

ಅತ್ತೆ ಲಕೋಟೆಯನ್ನು ವಾಪಸು ತೆಗೆದುಕೊಂಡು ತಿರುಗಿಸಿದಳು. ದಾರಕ್ಕೆ ಕಟ್ಟಿದ್ದ ಕಚೇರಿಯ ಪೆನ್ನಿನಿಂದ, ಒಂದೊಂದೇ ಅಕ್ಷರ ಬಿಡಿಸಿ, ಹಿಂಬದಿಯಲ್ಲಿ ತನ್ನ ಹೆಸರು ಬರೆದಳು. ಕೆಳಗೆ ಮನೆಯ ವಿಳಾಸ, ಅಳಿಯನ ಮನೆಯ ವಿಳಾಸ. ರೇಸಿಗೆ ಮುಂಚೆ ತಲುಪಬೇಕು ಅಂದಳು. ನಾಳೆಯೇ ತಲುಪುತ್ತದೆ, ಮಧ್ಯಾಹ್ನದ ಗಾಡಿಗೆ ಹೋಗುತ್ತದೆ ಎಂದ ಗುಮಾಸ್ತ ಮುದ್ರೆ ಒತ್ತಿ, ಪಕ್ಕದ ಚೀಲಕ್ಕೆ ಎಸೆದ.

ಹಿಂದಿದ್ದವರಿಗೆ ಅವಳು ದಾರಿ ಬಿಟ್ಟಳು, ಆದರೆ ಹೊರಗೆ ಹೋಗಲಿಲ್ಲ. ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತು ಆ ಚೀಲವನ್ನೇ ನೋಡುತ್ತಿದ್ದಳು. ಇನ್ನೇನು ಕೆಲಸ ಅಜ್ಜಿ ಎಂದು ಗುಮಾಸ್ತ ಕೇಳಿದ. ಏನೂ ಇಲ್ಲಪ್ಪ ಎಂದಳು. ಮಧ್ಯಾಹ್ನ ಗಾಡಿ ಬಂತು. ಚೀಲದ ಬಾಯಿ ಕಟ್ಟಿದರು, ಹೊತ್ತು ಹೊರಗೆ ಒಯ್ದರು, ಗಾಡಿಗೆ ಹಾಕಿ ಬಾಗಿಲು ಜಡಿದರು. ಅತ್ತೆ ಎದ್ದು ಮೆಟ್ಟಿಲವರೆಗೆ ಬಂದು, ಗಾಡಿ ಹೊರಟು ಪೇಟೆಯ ತಿರುವು ದಾಟುವವರೆಗೂ ನಿಂತಿದ್ದಳು.